ಗೀರೆಂದು ಉಜ್ಜಿದ್ದು

ಸೀಮೆಎಣ್ಣೆಯಲ್ಲಿ ನೆನೆದ ಹಳೆಯ ಬಟ್ಟೆಯ ವಾಸನೆ ಬಂದರೆ ಮಾವನಿಗೆ ಚಿಕ್ಕಂದಿನಲ್ಲಿ ಕೂತು ಆಡುತ್ತಿದ್ದ ಅಪ್ಪನ ಸೈಕಲ್ ಅಂಗಡಿ ನೆನಪಾಗುತ್ತಿತ್ತು. ಅದೇ ವಾಸನೆಯಲ್ಲಿ ಮೂರು ದಿನ ಹಿತ್ತಿಲಲ್ಲಿ ಕೂತು, ಸೊಸೆಯ ಹಳೆಯ ಬೈಕಿನ ಎಂಜಿನ್ನನ್ನು ಉಪ್ಪುಕಾಗದದಿಂದ ಉಜ್ಜಿ, ಮುಖ ಕಾಣುವಷ್ಟು ಹೊಳೆಯಿಸಿದ್ದರು. ಬೈಕಿನ ನೋಂದಣಿ ನವೀಕರಿಸಲು ಇವತ್ತೇ ಕೊನೆಯ ದಿನ. ಆಗದಿದ್ದರೆ, ಮನೆಮನೆಗೆ ಹೋಗಿ ರೋಗಿಗಳಿಗೆ ಚುಚ್ಚುಮದ್ದು ಕೊಡುವ ಸೊಸೆ ನಾಳೆಯಿಂದ ನಡೆಯಬೇಕು.

ಆರ್‌ಟಿಒ ಕಚೇರಿಯಲ್ಲಿ ಬೈಕಿನ ತಪಾಸಣೆ ಮುಗಿಸಿ ಅವಳು ಬಂದದ್ದೇ ಮಾವ ಕೇಳಿದರು, "ಏನಂದ್ರಮ್ಮ? ಹೊಳಪಿಗೆ ಸಾಹೇಬರ ಕಣ್ಣು ಕುಕ್ಕಿತಾ?"

"ಇನ್ನೊಂದು ಸಲ ಬನ್ನಿ ಅಂದ್ರು, ಮಾವ. ಯಾವುದೋ ಕಾಗದ ಕಮ್ಮಿಯಂತೆ," ಎನ್ನುತ್ತ ಅವಳು ಒಳಗೆ ಹೋದಳು.

ಕಾಗದಗಳನ್ನು ಜೋಡಿಸಿಕೊಟ್ಟವರು ಅವರೇ. ಯಾವುದು ಕಮ್ಮಿ? ಎರಡೆರಡು ಸಲ ಎಣಿಸಿದರು. ಎಲ್ಲವೂ ಇದ್ದವು. ಆದರೆ ಅರ್ಜಿಯಲ್ಲಿ ಎಂಜಿನ್ ಸಂಖ್ಯೆಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಏನೂ ಅರ್ಥವಾಗದೆ ಬೈಕಿನ ಬಳಿ ಹೋಗಿ ಸಂಖ್ಯೆ ಹುಡುಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. ಕೊನೆಗೆ ಎಂಜಿನ್ನಿನ ಅಂಚನ್ನು ಬೆರಳಿನಿಂದ ಸವರಿದರು. ಮೊನ್ನೆ ಅಲ್ಲಿ ಸಾಲಾಗಿ ಒಂದಷ್ಟು ಮಸುಕು ಗೀರುಗಳಿದ್ದವು. ಹಟ ಹಿಡಿದು ಅವನ್ನು ಉಜ್ಜಿದ್ದರು. ಈಗ ಆ ಜಾಗ ಗಾಜಿನಂತೆ ನುಣುಪಾಗಿತ್ತು.

ಬಾಗಿಲಲ್ಲಿ ಸೊಸೆ ನಿಂತಿದ್ದಳು.

"ನಾಳೆ ಕೆಲಸಕ್ಕೆ ಹೇಗಮ್ಮ ಹೋಗ್ತೀಯ?"

"ಕಾಲಿಲ್ವಾ ಮಾವ?" ಎಂದು ಊಟದ ತಟ್ಟೆಯನ್ನು ಅವರ ಕೈಗಿತ್ತಳು. ಮೂರು ದಿನದಿಂದ ಕಪ್ಪು ಹೋಗದ ಆ ಬೆರಳುಗಳಿಗೆಂದು ತಟ್ಟೆಯಲ್ಲಿ ಒಂದು ಚಮಚವನ್ನೂ ಇಟ್ಟಿದ್ದಳು.