ಗುಡ್ಡ ಅಳೆದ ದ್ಯಾಮಣ್ಣ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ...

ಇದನ್ನು ನನಗೆ ಹೇಳಿದವರು ವಾದಿರಾಜ್ ಎಂಬ ಇಂಜಿನಿಯರ್. ಹೇಳುವಾಗ ಎರಡು ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕರಾವಳಿಗೆ ಇಳಿಯುವ ಒಂದು ಘಾಟಿ. ಅಲ್ಲಿ ಗುಡ್ಡದ ಬುಡ ಕತ್ತರಿಸಿ ರಸ್ತೆ ಅಗಲ ಮಾಡುವ ಕೆಲಸ. ಉಸ್ತುವಾರಿ ವಾದಿರಾಜರದು. ಮಳೆಗಾಲಕ್ಕೆ ಮುಂಚೆ ಮುಗಿಯಲೇಬೇಕು ಎಂದು ಮೇಲಿನವರಿಂದ ದಿನವೂ ಫೋನ್...

ಕತ್ತರಿಸಿದ ಗುಡ್ಡದ ನೆತ್ತಿಯಲ್ಲಿ ಒಂದು ಸಣ್ಣ ಬಿರುಕು ಕಾಣಿಸಿಕೊಂಡಿತ್ತು. ವಾದಿರಾಜ್ ಅದರ ಆಚೆಗೊಂದು, ಈಚೆಗೊಂದು ಕಬ್ಬಿಣದ ಗೂಟ ಹೊಡೆಸಿದರು.

ದಿನಾ ಬೆಳಿಗ್ಗೆ ಗುಡ್ಡ ಹತ್ತಿ, ಎರಡು ಗೂಟಗಳ ನಡುವಿನ ಅಂತರ ಅಳೆದು ಪುಸ್ತಕದಲ್ಲಿ ಬರೆಯಬೇಕು. ಆ ಕೆಲಸ ದ್ಯಾಮಣ್ಣನದು.

ದ್ಯಾಮಣ್ಣ ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವನು. ಐವತ್ತು ದಾಟಿತ್ತು. ಓದಿದ್ದು ಏಳನೇ ಕ್ಲಾಸು. ಆದರೆ ಒಂದು ದಿನವೂ ಅಳತೆ ತಪ್ಪಿಸಿದವನಲ್ಲ.

"ಬಿರುಕು ಎಷ್ಟು ದೊಡ್ಡದು ಅನ್ನೋದಲ್ಲ ದ್ಯಾಮಣ್ಣ, ಎಷ್ಟು ಬೇಗ ದೊಡ್ಡದಾಗ್ತಿದೆ ಅನ್ನೋದು ಮುಖ್ಯ." ಹೀಗೆ ಅವನಿಗೆ ಕಲಿಸಿದ್ದು ವಾದಿರಾಜರೇ.

ಎರಡು ತಿಂಗಳು ಏನೂ ಆಗಲಿಲ್ಲ. ವಾರಕ್ಕೆ ಒಂದು ಎಂಎಂ, ಅಷ್ಟೇ.

ಮೇ ತಿಂಗಳ ಕೊನೆಯಲ್ಲಿ ಮೂರು ಮಧ್ಯಾಹ್ನ ಒಂದೇ ಸಮನೆ ಮಳೆ ಹೊಡೆಯಿತು. ಮರುದಿನ ಬಿರುಕು ನಾಲ್ಕು ಎಂಎಂ ಹೆಚ್ಚಿತ್ತು. ಅದರ ಮರುದಿನ ಒಂಬತ್ತು... ಅದರ ಮರುದಿನ ಹದಿನಾರು.

ದ್ಯಾಮಣ್ಣ ಪುಸ್ತಕ ಹಿಡಿದುಕೊಂಡು ಏದುಸಿರು ಬಿಡುತ್ತಾ ಕೆಳಗೆ ಬಂದ.

"ಸಾಹೇಬ್ರ, ಗುಡ್ಡ ನಿಂದರಂಗಿಲ್ರಿ. ದಿನಾ ಜಾಸ್ತಿ ಸರಿಯಾಕ ಹತ್ತೈತಿ. ಕೆಳಗ ಕೆಲಸ ನಿಲ್ಲಸ್ರಿ."

ಉಳಿದಿದ್ದು ಮೂರೇ ದಿನದ ಕೆಲಸ. ವಾರದ ಕೊನೆಗೆ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ವಾದಿರಾಜ್ ಪುಸ್ತಕದತ್ತ ಸರಿಯಾಗಿ ಕಣ್ಣು ಕೂಡ ಹಾಯಿಸಲಿಲ್ಲ.

"ನಿನಗೆ ಅಳತೆ ಮಾಡೋಕೆ ಹೇಳಿದ್ದು ದ್ಯಾಮಣ್ಣ, ತೀರ್ಮಾನ ಮಾಡೋಕಲ್ಲ."

ದ್ಯಾಮಣ್ಣ ಸುಮ್ಮನಿರಲಿಲ್ಲ. ಕೂಲಿಯವರ ಹತ್ತಿರ ಹೋಗಿ ಗುಡ್ಡ ಜರುಗುತ್ತಿದೆ ಎಂದ. ಹತ್ತು ಜನ ಕೆಲಸಕ್ಕೆ ಇಳಿಯಲೇ ಇಲ್ಲ.

ವಾದಿರಾಜರಿಗೆ ಸಿಟ್ಟು ನೆತ್ತಿಗೇರಿತು. ಸುಮ್ಮನೆ ಜನರನ್ನು ಹೆದರಿಸುತ್ತೀಯಾ ಎಂದು ಎಲ್ಲರೆದುರು ಬೈದು, ಅವತ್ತೇ ಅವನನ್ನು ಊರಿನ ಬಸ್ಸು ಹತ್ತಿಸಿದರು.

ಅಳತೆಯ ಪುಸ್ತಕ ಸ್ಟೋರ್ ನೋಡಿಕೊಳ್ಳುವವನ ಕೈಗೆ ಹೋಯಿತು. ಅವನು ಗುಡ್ಡ ಹತ್ತಲಿಲ್ಲ... ಶೆಡ್ಡಿನಲ್ಲೇ ಕೂತು ಹಿಂದಿನ ದಿನದ ಅಂಕಿಯನ್ನೇ ಬರೆದ.

ಮೂರನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಕೂಲಿಯವರೆಲ್ಲ ಚಹಾಕ್ಕೆ ಹೋಗಿದ್ದರು. ಗುಡ್ಡದ ಆ ಭಾಗ ಪೂರ್ತಿ ಕಳಚಿಕೊಂಡು ರಸ್ತೆಗೆ ಬಂತು.

ಕೆಳಗೆ ಇದ್ದದ್ದು ಒಬ್ಬನೇ. ಜೆಸಿಬಿ ಓಡಿಸುತ್ತಿದ್ದ ಮೌಲಾಲಿ. ದ್ಯಾಮಣ್ಣನ ಪಕ್ಕದ ಊರಿನವನು. ಇಬ್ಬರೂ ದಿನಾ ಒಟ್ಟಿಗೆ ಕೂತು ರೊಟ್ಟಿ ತಿನ್ನುತ್ತಿದ್ದವರು.

ಅವನನ್ನು ಹೊರತೆಗೆಯುವ ಹೊತ್ತಿಗೆ ಸಂಜೆಯಾಗಿತ್ತು. ಜೀವ ಇರಲಿಲ್ಲ.

'ಯಾರೂ ಊಹಿಸಲಾಗದ ನೈಸರ್ಗಿಕ ಅವಘಡ.' ವಾದಿರಾಜ್ ತಮ್ಮ ವರದಿಯಲ್ಲಿ ಹೀಗೆ ಬರೆದು ಸಹಿ ಹಾಕಿದರು. ಕಚೇರಿಯಲ್ಲಿ ಎಲ್ಲರೂ ನಂಬಿದರು... ಅವರೊಬ್ಬರನ್ನು ಬಿಟ್ಟು.

ಒಂದೂವರೆ ತಿಂಗಳು ಹೇಗೋ ತಳ್ಳಿದರು. ಕೊನೆಗೆ ದ್ಯಾಮಣ್ಣನ ಊರು ಹುಡುಕಿಕೊಂಡು ಹೊರಟರು. ಕ್ಷಮೆ ಕೇಳಬೇಕಿತ್ತು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದರು.

ದ್ಯಾಮಣ್ಣ ಮನೆಯ ಮುಂದೆಯೇ ಕೂತಿದ್ದ. ಅರ್ಧಕ್ಕರ್ಧ ಇಳಿದು ಹೋಗಿದ್ದ. ಸುದ್ದಿ ತಿಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಹೆಂಡತಿ ಹೇಳಿದಳು.

ವಾದಿರಾಜ್ ಬಾಯಿ ತೆರೆಯುವ ಮೊದಲೇ ದ್ಯಾಮಣ್ಣ ಎದ್ದು ನಿಂತು ಕೈಮುಗಿದ...

"ನನ್ನಿಂದ ತಪ್ಪಾತ್ರಿ ಸಾಹೇಬ್ರ."

ವಾದಿರಾಜರಿಗೆ ಏನೂ ಅರ್ಥವಾಗಲಿಲ್ಲ.

"ನಾ ಊರಿಗೆ ಹೊಂಟಾಗ ಮೌಲಾಲಿ ಬಂದು ಕೇಳಿದ್ನರಿ, ಕಾಕಾ, ಗುಡ್ಡ ನಿಂತೀತೇನು ಅಂತ. ನನಗ ನಿಮ್ ಮ್ಯಾಲಿನ ಸಿಟ್ಟು... ನನಗೇನ್ ಗೊತ್ತೈತಿ, ಹೋಗಿ ನಿಮ್ ಸಾಹೇಬ್ರನ್ನ ಕೇಳು ಅಂದ್ಬಿಟ್ಟೆ. ಖರೇ ಹೇಳಿದ್ರ ಅವ ಗಾಡಿ ಹತ್ತತಿದ್ದಿಲ್ರಿ. ಅವನ್ನ ನಾನ ಕೊಂದಂಗಾತು."

ವಾದಿರಾಜ್ ಅಲ್ಲೇ ಕಟ್ಟೆಯ ಮೇಲೆ ಕೂತರು.

ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಒಂದು ಮಾತು ಅವರಲ್ಲಿತ್ತು. ವರದಿಯಲ್ಲಿ ಬರೆದಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

"ಇಲ್ಲ ದ್ಯಾಮಣ್ಣ... ಅವನು ಬಂದು ನನ್ನನ್ನ ಕೇಳಿದ. ನೀನು ಹೇಳಿದ ಹಾಗೇ ಕೇಳಿದ. ಏನೂ ಆಗಲ್ಲ, ಧೈರ್ಯವಾಗಿ ಕೆಲಸ ಮುಗಿಸು ಅಂದವನು ನಾನು."

ದ್ಯಾಮಣ್ಣ ಬೈಯಲಿಲ್ಲ. ಹೆಗಲ ಮೇಲಿನ ಟವಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ... ವಾದಿರಾಜ್ ಕ್ಷಮೆ ಕೇಳದೆಯೇ ಎದ್ದು ಹೊರಟರು.

ಅಲ್ಲಿಂದ ಮರಳಿದವರೇ, ದ್ಯಾಮಣ್ಣ ಬರೆದ ಪುಟಗಳನ್ನೆಲ್ಲ ಸೇರಿಸಿ, ನಡೆದದ್ದನ್ನು ನಡೆದಂತೆ ಬರೆದು ಕಚೇರಿಗೆ ಕೊಟ್ಟರು. ಸಸ್ಪೆಂಡ್ ಆದರು. ಎರಡು ವರ್ಷದ ಮೇಲೆ ಮತ್ತೆ ಕೆಲಸ ಸಿಕ್ಕಿತು.

ದ್ಯಾಮಣ್ಣನನ್ನು ಮತ್ತೆ ಕೆಲಸಕ್ಕೆ ಕರೆದರು. ತಾನು ಇನ್ನು ಗುಡ್ಡ ಹತ್ತುವುದಿಲ್ಲ ಎಂದು ಅವನು ಹೇಳಿ ಕಳಿಸಿದ.

ಈಗ ವಾದಿರಾಜರ ಸೈಟಿನಲ್ಲಿ ಗುಡ್ಡ ಅಳೆಯುವವನು ಕೈ ಎತ್ತಿದರೆ ಸಾಕು, ಕೆಲಸ ನಿಲ್ಲುತ್ತದೆ. ಅವನು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.

"ಇಷ್ಟೆಲ್ಲ ಮಾಡಿದೆ... ಮೌಲಾಲಿಯ ಹೆಂಡತಿಯ ಎದುರು ನಿಂತು, ನಿಮ್ಮ ಗಂಡ ನನ್ನನ್ನ ಕೇಳಿದ್ದರು ಅಂತ ಹೇಳೋ ಧೈರ್ಯ ಮಾತ್ರ ಇವತ್ತಿನವರೆಗೂ ಬಂದಿಲ್ಲ" ಎಂದು ವಾದಿರಾಜ್ ನನಗೆ ಹೇಳಿದರು.

.

ಎಚ್ಚರಿಸಲು ಬಂದವರ ಬಾಯಿ ಮುಚ್ಚಿಸಬಹುದು... ಅದರಿಂದ ಅವರು ಕಂಡ ಅಪಾಯ ನಿಲ್ಲುವುದಿಲ್ಲ.

ಕೇಳಲು ಇಷ್ಟವಿಲ್ಲದ ಸತ್ಯ ಹೇಳಿದರು ಎಂಬ ಒಂದೇ ಕಾರಣಕ್ಕೆ ನೀವು ದೂರ ಮಾಡಿದವರು ಯಾರಾದರೂ ಇದ್ದಾರೆಯೇ?