ತುಂಡಾದ ನರ

"ಉಸಿರು ಬಿಗಿ ಹಿಡ್ಕೋ ಅಣ್ಣಾ. ಮೇಜು ಅಲ್ಲಾಡಿದ್ರೆ ಏನೂ ಕಾಣಲ್ಲ," ಎಂದಳು ತಂಗಿ.

ಬಾಗಿಲು ಚೌಕಟ್ಟುಗಳನ್ನು ಒಬ್ಬನೇ ಹೊತ್ತು ರೂಢಿಯಿದ್ದ ಬಡಗಿ, ಗಾಜಿನ ಅಂಗಡಿ ಹೊಕ್ಕವನಂತೆ ಮೈ ಮುದುಡಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕಗ್ಗತ್ತಲಲ್ಲಿ ಹಸಿರು ಎಳೆಗಳು ಹೊಳೆಯುತ್ತಿದ್ದವು.

"ಇದು ನರಾನಾ?"

"ಹ್ಞೂಂ, ಇಲಿಯದು. ತುಂಡಾಗಿತ್ತು. ಮತ್ತೆ ಬೆಳೆದು ಆಚೆ ದಡ ಮುಟ್ಟಿದೆ ನೋಡು."

ಅವನ ಬಲಗೈ ಗರಗಸದ ಯಂತ್ರಕ್ಕೆ ಸಿಕ್ಕಾಗ ಅವಳಿನ್ನೂ ಶಾಲೆಯ ಹುಡುಗಿ. ಗಾಯ ಮಾಯಿತು, ಮಡಿಸಿಕೊಂಡ ಎರಡು ಬೆರಳುಗಳಿಗೆ ಮಾತ್ರ ಜೀವ ಬರಲಿಲ್ಲ. "ನರ ಹೊಲಿದಿದ್ದೀವಿ, ಬೆಳೆದರೆ ಬೆಳೀತು," ಎಂದಿದ್ದರು ಡಾಕ್ಟರು. "ಬೆಳೀದೇ ಇದ್ರೆ, ಯಾಕೆ ಬೆಳೆಯಲ್ಲ?" ಎಂದು ಅವಳು ಕೇಳಿದ್ದಳು. "ಅದು ನಮಗೂ ಸರಿಯಾಗಿ ಗೊತ್ತಿಲ್ಲ ಪುಟ್ಟಿ." ಡಾಕ್ಟರಿಗೂ ಗೊತ್ತಿಲ್ಲದ್ದು ಇರುತ್ತದೆಯೇ? ಆ ಮಾತು ಅವಳ ತಲೆ ಕೊರೆಯತೊಡಗಿತು.

ಅಣ್ಣ ಎಡಗೈಗೆ ಉಳಿ ಒಗ್ಗಿಸಿಕೊಂಡು ಅವಳನ್ನು ಓದಿಸಿದ. ಅವಳು ಇದೇ ಪ್ರಯೋಗಾಲಯಕ್ಕೆ ಗಾಜಿನ ತಟ್ಟೆ ತೊಳೆಯಲು ಸೇರಿ, ಸಂಶೋಧನಾ ಸಹಾಯಕಿಯಾದಳು. ಕೂದಲಿಗಿಂತ ತೆಳುವಾದ ದಾರದಲ್ಲಿ ಇಲಿಯ ನರ ಹೊಲಿಯಲು ಕಲಿತಳು. ಹೊಲಿದದ್ದೆಲ್ಲ ಗಂಟುಕಟ್ಟಿ ಕೆಟ್ಟಿತು. ಅತ್ತಳು, ಮೂಗೊರೆಸಿಕೊಂಡು ಮತ್ತೆ ಹೊಲಿದಳು. ಕೊನೆಗೊಂದು ಇಲಿ ಮುದುಡಿದ್ದ ಕಾಲ್ಬೆರಳುಗಳನ್ನು ಅಗಲಿಸಿ ನಡೆದಾಗ, ಮುಖ್ಯ ವಿಜ್ಞಾನಿಯೇ ಎಲ್ಲರನ್ನೂ ಕೂಗಿ ಕರೆದಿದ್ದರು.

ಇಂದು ಬೆಳಗಿನಿಂದ ಅವಳು ಹೆದರುತ್ತಿದ್ದ ಪ್ರಶ್ನೆ ಬಂದೇಬಿಟ್ಟಿತು. "ನನ್ನ ಬೆರಳಿಗೆ?" ಎಂದ ಅಣ್ಣ, ತಲೆಯೆತ್ತದೆ.

"ನಿಂದು ಹಳೇ ಗಾಯ ಅಣ್ಣಾ. ಸ್ನಾಯುಗಳೇ ಸೊರಗಿ ಹೋಗಿವೆ. ಇದು ಮನುಷ್ಯರ ತನಕ ಬರೋಕೂ ಇನ್ನೂ ತುಂಬಾ ವರ್ಷ ಬೇಕು. ನಿಂಗೆ... ತಡವಾಯ್ತು."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ, "ಸ್ವಲ್ಪ ಪಕ್ಕಕ್ಕೆ ಸರಿ, ಇನ್ನೊಂದ್ಸಲ ನೋಡ್ತೀನಿ," ಎಂದು ಮತ್ತೆ ಬಗ್ಗಿದ. ಎಷ್ಟು ಹೊತ್ತು ನೋಡಿದನೆಂದರೆ, ಅವಳಿಗೆ ಅವನ ಕಣ್ಣು ತುಂಬಿದೆಯೇನೋ ಎನಿಸಿತು. ಎದ್ದಾಗ ಅವನ ಮುಖದ ತುಂಬ ನಗುವಿತ್ತು. "ಭಲೇ ಗಟ್ಟಿಗಿತ್ತಿ ಕಣೇ ನೀನು!"

ಅವನನ್ನು ಕಳಿಸಿಕೊಡಲು ಗೇಟಿನವರೆಗೆ ಬಂದಳು. ಅಲ್ಲಿದ್ದ ಕಾವಲುಗಾರ ಅವನ ಮರದ ಪುಡಿ ಮೆತ್ತಿದ ಅಂಗಿಯನ್ನು ನೋಡಿ, "ಏನ್ ಯಜಮಾನ್ರೇ, ರಿಪೇರಿ ಕೆಲಸಕ್ಕೆ ಬಂದಿದ್ರಾ?" ಎಂದ.

ಬಡಗಿ ತನ್ನ ಬಲಗೈಯನ್ನೇ ತಂಗಿಯ ಕಡೆ ಚಾಚಿದ.

"ರಿಪೇರಿ ಮಾಡೋಳು ಇವಳು. ನಾನು ಇವಳ ಅಣ್ಣ."