ಜೋಡಿ ಸಾಕೆಟ್ಟು

ಮನುಷ್ಯರ ಎದೆಗೆ ದಿನವೂ ಚಾರ್ಜು ಬೇಕಾಗಿ ಬಂದು ಎಷ್ಟೋ ತಲೆಮಾರು ಕಳೆದಿದ್ದವು. ಸಂಜೆ ತಂತಿ ಚುಚ್ಚಿಕೊಂಡು ಗೋಡೆಗೊರಗಿ ಒಂದು ತಾಸು ಕೂರುವುದು ಊಟದಷ್ಟೇ ಸಹಜ. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಯಲ್ಲಿ ಒಂದು ಕೋಣೆಯ ಮನೆ ಹಿಡಿದ ವಾರಿಜಾ, ಗೋಡೆಗೆ ತಿಳಿಹಸಿರು ಬಳಿಸಿ, ಅದಕ್ಕೊಪ್ಪುವ ಸಾಕೆಟ್ಟು ಹುಡುಕುತ್ತ ಅಂಗಡಿಗೆ ಬಂದಳು. ದಂತದ ಬಣ್ಣದ್ದೊಂದು ಹಿಡಿಸಿತು. ಅದರ ಅಂಚಿಗೆ ಸಣ್ಣ ಬಳ್ಳಿಯ ಕೆತ್ತನೆಯಿತ್ತು.

“ಇದರಾಗ ಒಂಟಿದು ತೋರಸ್ರಿ.”

“ಒಂಟಿದು ಬೂದಿ ಬಣ್ಣದಾಗ ಅಷ್ಟ ಬರ್ತದ್ರಿ ಅಕ್ಕಾರ, ದವಾಖಾನಿಗೆ ಹಾಕೂದು,” ಎಂದ ಅಂಗಡಿಯ ಈರಪ್ಪ. “ಚಂದದ್ದೆಲ್ಲಾ ಜೋಡೀನ.”

ವಾರಿಜಾ ಬೂದಿ ಬಣ್ಣದ್ದನ್ನು ಕೈಗೆತ್ತಿಕೊಂಡಳು. ಕೊನೆಯ ಎರಡು ತಿಂಗಳು ಗಂಡನನ್ನು ಅಂಥದ್ದಕ್ಕೇ ಜೋಡಿಸಿದ್ದರು. ಮೆಲ್ಲಗೆ ಕೆಳಗಿಟ್ಟಳು.

“ಜೋಡೀನ ಕೊಡ್ರಿ.”

“ಖಾಲಿ ತೂತಿಗೆ ಮುಚ್ಚಳ ಕೊಡ್ಲೇನ್ರಿ? ಧೂಳು ಕೂಡ್ತದ.”

“ಬ್ಯಾಡ್ರಿ. ನಾ ದಿನಾ ಒರಸ್ತೀನಿ.”

ಮರುದಿನ ಕೆಲಸದವನು ಬಂದು ಅದನ್ನು ಗೋಡೆಗೆ ಕೂರಿಸಿ ಹೋದ. ಹಸಿರಿನ ಮೇಲೆ ದಂತದ ಬಣ್ಣ ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಒಪ್ಪಿತ್ತು. ಸಂಜೆ ಚಾಪೆ ಹಾಸಿದಳು. ನಡುವೆಯೇ ಕೂರಬಹುದಿತ್ತು. ಆದರೆ ವಾರಿಜಾ ಎಡಕ್ಕೆ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ತಂತಿ ಚುಚ್ಚಿಕೊಂಡಳು.